ಮುಟ್ಟಿದ ಕಾಯಿ

“ಮೊಳೆ ಬೇಡ, ಗಾರೆ ಉದುರುತ್ತೆ,” ಎಂದು ಮಗಳು ಹೇಳುವಷ್ಟರಲ್ಲಿ ಚೆಸ್ ಕ್ಲಬ್ಬಿನ ಸೆಕ್ರೆಟರಿ ಸುತ್ತಿಗೆಯಿಂದ ಎರಡನೆಯ ಏಟನ್ನೂ ಹಾಕಿಯಾಗಿತ್ತು. ಒಂದು ಹಿಡಿ ಗಾರೆ ಕೆಳಗಿದ್ದ ಶವಪೆಟ್ಟಿಗೆಯ ಗಾಜಿನ ಮೇಲೆ ಬಿತ್ತು. ಸೆಕ್ರೆಟರಿ ನಾಲಗೆ ಕಚ್ಚಿಕೊಂಡು ತಮ್ಮ ಕರವಸ್ತ್ರದಿಂದಲೇ ಗಾಜು ಒರೆಸಿದರು.

“ಗೋಡೆಗೆ ಒರಗಿಸಿಟ್ಟಿದ್ರೆ ಆಗ್ತಿರಲಿಲ್ವಾ?” ಎಂದರು ಬಾಗಿಲ ಬಳಿ ಕುಳಿತಿದ್ದ ಸೋದರತ್ತೆ. “ನಮ್ಮಣ್ಣ ಒಂದು ಕ್ಯಾಲೆಂಡರ್ ತಗಲಿಸೋಕೂ ವಾರಗಟ್ಟಲೆ ಯೋಚನೆ ಮಾಡೋನು. ಈಗ ಎದ್ದು ಕೇಳಲಾರ ಅಂತ ಧೈರ್ಯವಾಗಿ ಹೊಡೀತಿದೀರ.”

“ತಪ್ಪಾಯ್ತಮ್ಮ. ಬಂದೋರಿಗೆಲ್ಲ ಕಾಣಬೇಕಲ್ಲ, ಅದಕ್ಕೆ.”

ಕ್ಲಬ್ಬಿನಲ್ಲಿ ಪಾಠ ಹೇಳುವಾಗ ಬಳಸುವ ದೊಡ್ಡ ತೂಗುಬೋರ್ಡು ಅದು. ಬಟ್ಟೆಯ ಮೇಲೆ ಅರವತ್ತನಾಲ್ಕು ಮನೆ, ಒಂದೊಂದಕ್ಕೂ ಪ್ಲಾಸ್ಟಿಕ್ಕಿನ ಜೇಬು, ಜೇಬಿಗೆ ಸಿಕ್ಕಿಸುವ ರಟ್ಟಿನ ಕಾಯಿಗಳು. ಅಪ್ಪನ ಆಟದ ಎರಡನೆಯ ನಡೆಯವರೆಗೆ ಜೋಡಿಸಿ ತಂದಿದ್ದರು. ಬಿಳಿಯ ರಾಜನ ಮುಂದಿನ ಸಿಪಾಯಿ ಎರಡು ಮನೆ ಮುಂದೆ. ಅದರ ಎದುರಿಗೆ ಕಪ್ಪು ಸಿಪಾಯಿ. ಬಿಳಿಯ ಸಿಪಾಯಿಯ ಪಕ್ಕದಲ್ಲೇ ಇನ್ನೊಂದು ಬಿಳಿಯ ಸಿಪಾಯಿ, ಅದೂ ಎರಡು ಮನೆ ಮುಂದೆ, ಕಪ್ಪು ಸಿಪಾಯಿಯ ಬಾಯಿಗೆ ನೇರವಾಗಿ ಸಿಕ್ಕುವ ಹಾಗೆ. ಗ್ಯಾಂಬಿಟ್ ಎಂದರೆ ಅಷ್ಟೆ: ತಿನ್ನು ಎಂದು ಒಂದು ಕಾಯಿಯನ್ನು ಮೊದಲೇ ಎದುರಾಳಿಗೆ ಕೊಟ್ಟು, ಅವನು ತಿನ್ನುವ ಹೊತ್ತಿನಲ್ಲಿ ತಾನು ಮೈದಾನ ಹಿಡಿಯುವುದು.

“ಗಾಡಿ ಬರೋಕೆ ಇನ್ನೂ ಹೊತ್ತಿದೆ,” ಎಂದರು ಸೆಕ್ರೆಟರಿ ಮಗಳ ಕಡೆ ತಿರುಗಿ. “ಅದಕ್ಕೆ ಮುಂಚೆ ಅಂಗಳದಲ್ಲಿ ನಾನು ನಾಲ್ಕು ಮಾತಾಡ್ತೀನಿ. ಆಮೇಲೆ ನೀನು. ಈ ಆಟದ ಕತೆ ನಿನ್ನ ಬಾಯಲ್ಲೇ ಕೇಳಬೇಕು ಕಣಮ್ಮ. ನಿನ್ನಷ್ಟು ಚೆನ್ನಾಗಿ ನಿಮ್ಮಪ್ಪನೂ ಹೇಳ್ತಿರಲಿಲ್ಲ.”

ಅದು ನಿಜವೇ. ಅಪ್ಪ ಅದನ್ನು ಹೇಳಿದ್ದೇ ಇಲ್ಲ.

“ಹೇಳ್ತೀನಿ ಬಿಡಿ,” ಎಂದಳು ಮಗಳು. ಹೇಳಿದ ಕೂಡಲೇ ಬೋರ್ಡಿಗೆ ಬೆನ್ನು ಮಾಡಿ ಉದುರಿದ ಗಾರೆ ಗುಡಿಸತೊಡಗಿದಳು. ಮೂರು ದಿನದಿಂದ, ಯಾರಾದರೂ ಆ ಆಟದ ಮಾತೆತ್ತಿದಾಗಲೆಲ್ಲ, ಹೀಗೆಯೇ ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದಳು.

*

ಅಪ್ಪ ನೀರು ಸರಬರಾಜು ಕಚೇರಿಯ ವರ್ಕ್‌ಶಾಪಿನಲ್ಲಿ ಮೀಟರ್ ಮೆಕ್ಯಾನಿಕ್ ಆಗಿದ್ದರು. ಊರಿನ ಮನೆಮನೆಗಳಿಂದ ಕೆಟ್ಟು ಬಂದ ಹಿತ್ತಾಳೆಯ ಮೀಟರುಗಳನ್ನು ಬಿಚ್ಚಿ, ಹಲ್ಲುಚಕ್ರಗಳ ಪಾಚಿ ಕೆರೆದು, ಮತ್ತೆ ಜೋಡಿಸಿ, ತೊಟ್ಟಿಯ ನೀರು ಹಾಯಿಸಿ ಪರೀಕ್ಷಿಸುವುದು ಕೆಲಸ. ಕೆಲಸಕ್ಕೆ ಸೇರಿದ ಮೇಜಿನಲ್ಲೇ ನಿವೃತ್ತರಾದರು. ರಸ್ತೆ ದಾಟುವಾಗ ಎರಡೂ ಕಡೆ ನೋಡಿ, ಮತ್ತೆ ಮೊದಲನೆಯ ಕಡೆ ನೋಡುತ್ತಿದ್ದರು. ಬೀಗ ಹಾಕಿ ಗೇಟಿನವರೆಗೆ ಹೋಗಿ, ಬೀಗ ಎಳೆದು ನೋಡಲು ವಾಪಸು ಬರುತ್ತಿದ್ದರು. ಮೇಲ್ವಿಚಾರಕನ ಹುದ್ದೆ ಕೊಡುತ್ತೇವೆಂದಾಗ, ಬೇರೆಯವರ ತಪ್ಪಿಗೆ ಸಹಿ ಹಾಕಬೇಕಾಗುತ್ತದೆ ಎಂದು ಬೇಡವೆಂದಿದ್ದರು.

ಅಂಥವರು ನಲವತ್ತು ದಾಟಿದ ಮೇಲೆ ನಗರದ ಪಂದ್ಯಾವಳಿಯಲ್ಲಿ, ಇಡೀ ಸಭಾಂಗಣ ನೋಡುತ್ತಿರುವಾಗ, ಹಾಲಿ ಚಾಂಪಿಯನ್ನನ ಎದುರು ಎರಡನೆಯ ನಡೆಗೇ ಸಿಪಾಯಿಯನ್ನು ಎಸೆದು ಗೆದ್ದುಬಿಟ್ಟರು. ಕೊನೆಯಲ್ಲಿ ಅವರ ಕುದುರೆ ಒಂದೇ ಜಿಗಿತಕ್ಕೆ ಕಪ್ಪು ರಾಜನಿಗೂ ಮಂತ್ರಿಗೂ ಏಕಕಾಲಕ್ಕೆ ಬಾಯಿ ಹಾಕಿತ್ತು. ಮರುದಿನ ಪತ್ರಿಕೆಯ ಕ್ರೀಡಾಪುಟದ ಮೂಲೆಯಲ್ಲಿ ‘ಮೀಟರ್ ಮೆಕ್ಯಾನಿಕ್‌ನ ಎದೆಗಾರಿಕೆ’ ಎಂಬ ತಲೆಬರಹದಡಿ ಒಂದು ಕಾಲಂ ಬಂತು. ಆಗ ಎರಡನೆಯ ತರಗತಿಯಲ್ಲಿದ್ದ ಮಗಳು ಆ ಪುಟ ಹಿಡಿದುಕೊಂಡು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಒಂದು ಮನೆಯನ್ನೂ ಬಿಡದೆ ಬಾಗಿಲು ತಟ್ಟಿದ್ದಳು. ಸಂಜೆ ಅಪ್ಪ ಕೆಲಸದಿಂದ ಬಂದಾಗ ಕ್ಷೌರದಂಗಡಿಯವನು ಹೊರಗೆ ಬಂದು, “ಏನ್ ಸಾರ್, ಗ್ಯಾಂಬಿಟ್ ಅಂತೆ!” ಎಂದು ಕೈಕುಲುಕಿದ. ಅಪ್ಪ ಕಿವಿಯವರೆಗೂ ಕೆಂಪಾಗಿ, ಸರಸರ ಮನೆಯೊಳಗೆ ನಡೆದರು.

ಅಂದಿನಿಂದ ಅವರು ಕ್ಲಬ್ಬಿಗೆ ‘ಗ್ಯಾಂಬಿಟ್ ಅಣ್ಣ’. ಮತ್ತೆ ಎಂದೂ ಗ್ಯಾಂಬಿಟ್ ಆಡಲಿಲ್ಲ. ಯಾಕೆ ಎಂದು ಕೇಳಿದರೆ “ಒಂದು ಸಲಕ್ಕೇ ಸಾಕಾಗಿದೆ” ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು.

ಮಗಳು ಬೆಳೆದು ಡ್ರೈವಿಂಗ್ ಸ್ಕೂಲು ನಡೆಸತೊಡಗಿದ ಮೇಲೂ ಆ ಕತೆಯನ್ನು ಬಿಡಲಿಲ್ಲ. ಸ್ಟಿಯರಿಂಗ್ ಹಿಡಿದು ನಡುಗುವ ಹೊಸಬರಿಗೆಲ್ಲ ಅದೇ ಔಷಧ. “ನಮ್ಮಪ್ಪನಿಗಿಂತ ಪುಕ್ಕಲು ಯಾರೂ ಇಲ್ಲ. ಅವರೇ ಒಂದು ಸಲ ಕೊಟ್ಟು ನೋಡಿದ್ರು. ನೀವು ಕ್ಲಚ್ ಬಿಡೋಕೆ ಇಷ್ಟು ಯೋಚನೆ ಮಾಡ್ತೀರಲ್ಲ!”

*

ಅಂಗಳದಲ್ಲಿ ಬಾಡಿಗೆಯ ಪ್ಲಾಸ್ಟಿಕ್ ಕುರ್ಚಿಗಳು ತುಂಬುತ್ತಿದ್ದವು. ವರ್ಕ್‌ಶಾಪಿನ ಹಳಬರು ಒಂದು ಕಡೆ, ಕ್ಲಬ್ಬಿನವರು ಇನ್ನೊಂದು ಕಡೆ.

“ಆಪರೇಷನ್‌ಗೆ ಒಪ್ಪಿದ್ರಂತಲ್ಲ, ನಂಗೆ ನಂಬೋಕೇ ಆಗಲಿಲ್ಲ,” ಎಂದರು ವರ್ಕ್‌ಶಾಪಿನವರೊಬ್ಬರು. “ಹಲ್ಲು ಕೀಳಿಸೋಕೆ ನನ್ನ ಜೊತೆಗೆ ಕರ್ಕೊಂಡು ಹೋಗಿದ್ರು ಕಣ್ರಿ. ಕುರ್ಚಿ ಮೇಲೆ ಕೂತು, ನೋವು ಹೋಯ್ತು ಅಂತ ಎದ್ದು ಬಂದ್ರು.”

“ಅಲ್ಲೇ ಇರೋದು ಗ್ಯಾಂಬಿಟ್!” ಎಂದರು ಸೆಕ್ರೆಟರಿ. “ಮಾತ್ರೆ ನುಂಗಿಕೊಂಡು ಇನ್ನೂ ಕೆಲವು ವರ್ಷ ಮೂಲೇಲಿ ಕೂತಿರಬಹುದಿತ್ತು. ಬೇಡ ಅಂದ್ರು. ಎದೆ ಕೊಟ್ರು. ಆಡಿ ಸೋತ್ರು, ಅಷ್ಟೆ.”

ನೀರಿನ ಲೋಟಗಳ ತಟ್ಟೆ ಹಿಡಿದು ಬಂದಿದ್ದ ಮಗಳು ಅಲ್ಲೇ ನಿಂತಳು.

“ಅಲ್ವೇನಮ್ಮ?” ಎಂದರು ಸೆಕ್ರೆಟರಿ.

“ಹೂಂ,” ಎಂದಳು.

ಅತ್ತೆ ಅವಳ ಮುಖವನ್ನೇ ನೋಡುತ್ತಿದ್ದರು. ತಟ್ಟೆಯನ್ನು ಅವಳ ಕೈಯಿಂದ ತೆಗೆದುಕೊಂಡು, “ನೀನು ಒಳಗೆ ಹೋಗಿ ಕೂತ್ಕೋ ಪುಟ್ಟಿ. ಬೆಳಗಿನಿಂದ ಬಸ್‌ಸ್ಟ್ಯಾಂಡಿನ ಕಂಡಕ್ಟರ್ ಥರ ಓಡಾಡ್ತಿದೀಯ,” ಎಂದರು.

*

ಆಸ್ಪತ್ರೆಯ ವಾರ್ಡಿನಲ್ಲಿ ಆರು ಮಂಚಗಳಿದ್ದವು. ಅಪ್ಪನದು ಕಿಟಕಿಯ ಪಕ್ಕದ್ದು. ಡಾಕ್ಟರು ಎರಡೂ ದಾರಿ ಹೇಳಿ ಹೋಗಿದ್ದರು: ಮಾತ್ರೆ, ಉಪ್ಪಿಲ್ಲದ ಊಟ, ಮೆಟ್ಟಿಲು ಹತ್ತದ ಬದುಕು; ಇಲ್ಲವೇ ಎದೆ ತೆರೆದು ರಕ್ತನಾಳ ಸರಿಪಡಿಸುವುದು. ಈ ವಯಸ್ಸಿಗೆ ಅಪಾಯ ಇದ್ದೇ ಇದೆ, ನೀವೇ ತೀರ್ಮಾನಿಸಿ ಎಂದಿದ್ದರು.

“ಮಾತ್ರೇನೇ ಇರಲಿ,” ಎಂದಿದ್ದರು ಅಪ್ಪ.

“ಮಾತ್ರೆ ಅಂದ್ರೆ ಈ ಮೂಲೆಯಿಂದ ಆ ಮೂಲೆಗೆ, ಅಷ್ಟೇ ಅಪ್ಪ ಬದುಕು.”

“ನಾನು ಯಾವಾಗ ಅದಕ್ಕಿಂತ ಜಾಸ್ತಿ ಓಡಾಡಿದೀನಿ?”

ಪಕ್ಕದ ಮಂಚದವನು ನಕ್ಕ. ಅವನಿಗೆ ಆಪರೇಷನ್ ಆಗಿ, ಮರುದಿನ ಮನೆಗೆ ಹೊರಡುವವನಿದ್ದ. ಮಗಳಿಗೆ ಆ ನಗು ಚುಚ್ಚಿತು. ಎರಡು ವಾರ ಡ್ರೈವಿಂಗ್ ಸ್ಕೂಲಿಗೂ ಆಸ್ಪತ್ರೆಗೂ ಅಲೆದು ಅವಳ ತಾಳ್ಮೆ ತೀರಿತ್ತು. ಅವಳು ದನಿ ಎತ್ತರಿಸಿದಳು. ವಾರ್ಡಿಗೆಲ್ಲ ಕೇಳಿಸಲಿ ಎಂದೇ ಎತ್ತರಿಸಿದ್ದು; ಅದನ್ನು ಅವಳು ಈಗ ತನಗೆ ತಾನೇ ಇಲ್ಲವೆನ್ನಲಾರಳು.

“ಅವತ್ತು ಅಷ್ಟು ಜನದ ಮುಂದೆ ಸಿಪಾಯಿ ಕೊಟ್ಟೋರು ನೀವೇ ತಾನೆ? ನಾನು ಬೀದಿಗೆಲ್ಲ ಸಾರಿ ಬಂದಿದ್ದು ನಿಮ್ಮ ವಿಷಯಾನೇ ತಾನೆ? ಜೀವಮಾನದಲ್ಲಿ ಒಂದೇ ಸಲ ಧೈರ್ಯ ತೋರಿಸಿದ್ದು, ಅದೂ ಮರದ ಕಾಯಿ ಮೇಲೆ. ನಿಜವಾಗಿ ಬೇಕಾದಾಗ ಇಲ್ಲ.”

“ಅದೂ ಇಲ್ಲ ಮರಿ,” ಎಂದರು ಅಪ್ಪ ಮೆಲ್ಲಗೆ. “ಅವತ್ತು ಏನಾಯ್ತು ಅಂದ್ರೆ…”

“ಹೆದರಿಕೆ ಅಂತ ಒಪ್ಕೊಳ್ಳಿ. ಕತೆ ಬೇಡ.”

“ಮಗಳು ಹೇಳೋದು ಸರಿಯಾಗೇ ಇದೆ ಸಾರ್,” ಎಂದ ಪಕ್ಕದ ಮಂಚದವನು. “ನೋಡಿ ನನ್ನ.” ಎದುರಿನ ಮಂಚದ ಮುದುಕ ಮೊಣಕೈ ಊರಿ ಎದ್ದು ಕುಳಿತು ಅಪ್ಪನನ್ನು ನೋಡಿದ. ಅವನಿಗೆ ಊಟ ತಂದಿದ್ದ ಹೆಂಗಸೂ ನೋಡಿದಳು.

ಅಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿ, ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡರು. ಅವರ ಕಿವಿ ಕೆಂಪಾಗಿತ್ತು. ಆಮೇಲೆ ನರ್ಸನ್ನು ಕರೆದು ಪೆನ್ನು ಕೇಳಿದರು. ಔಷಧದ ಚೀಟಿಯನ್ನು ಮೂರು ಸಲ ಓದುತ್ತಿದ್ದ ಮನುಷ್ಯ, ಒಪ್ಪಿಗೆಯ ಕಾಗದವನ್ನು ಓದದೆ ಸಹಿ ಹಾಕಿ ಕೊಟ್ಟರು.

ಮಗಳು ಅವರ ಭುಜ ತಟ್ಟಿ, “ಹಾಗೆ ಬನ್ನಿ ದಾರಿಗೆ,” ಎಂದಿದ್ದಳು. ಆಪರೇಷನ್ ಆದ ಮರುದಿನ ಬೆಳಿಗ್ಗೆ ಅಪ್ಪ ತೀರಿಕೊಂಡರು.

*

ಒಳಗಿನ ಕೋಣೆಯಲ್ಲಿ, ತೂಗುಬೋರ್ಡಿನ ಮುಂದೆ, ಕ್ಲಬ್ಬಿನ ಕೋಚ್ ನಿಂತಿದ್ದಳು. ಸಣ್ಣ ವಯಸ್ಸಿನ ಹೆಂಗಸು, ಕ್ಲಬ್ಬಿಗೆ ಬಂದು ವರ್ಷವೂ ಆಗಿರಲಿಲ್ಲ. ಪತ್ರಿಕೆಯಲ್ಲಿ ಅಚ್ಚಾಗಿದ್ದ ಆಟವನ್ನು ಫೋನಿನಲ್ಲಿ ನೋಡಿಕೊಳ್ಳುತ್ತ ಒಂದೊಂದೇ ನಡೆಯನ್ನು ಬೋರ್ಡಿನ ಮೇಲೆ ಇಡುತ್ತಿದ್ದಳು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಒಬ್ಬ ಮುದುಕರು ಕೋಲಿನ ಮೇಲೆ ಗದ್ದವಿಟ್ಟು ಕುಳಿತಿದ್ದರು. ಅಂದು ಅಪ್ಪನಿಗೆ ಸೋತ ಚಾಂಪಿಯನ್ ಅವರೇ. ಪ್ರತಿ ನಡೆಗೂ ಚೆಸ್ ಗಡಿಯಾರವನ್ನು ದಡಾರನೆ ಬಡಿಯುತ್ತಿದ್ದುದರಿಂದ ಎಲ್ಲರಿಗೂ ‘ಗಡಿಯಾರ’; ಮಗಳಿಗೆ ಗಡಿಯಾರ ಮಾಮ. ಆ ಪಂದ್ಯದ ನಂತರ ಅವರು ಅಪ್ಪನ ಜೀವದ ಗೆಳೆಯರಾಗಿದ್ದರು.

“ಸಾರಿ ಅಕ್ಕ,” ಎಂದಳು ಕೋಚ್. “ಮೊದಲ ನಡೆ, ಕೊನೆಯ ನಡೆ ಎಲ್ಲರೂ ಹೇಳಿದ್ರು. ಮಧ್ಯದ್ದು ಯಾರೂ ತೋರಿಸಿರಲಿಲ್ಲ. ನೋಡೋಣ ಅಂತ ಇಟ್ಟೆ. ಒಂದು ಅರ್ಥ ಆಗ್ತಿಲ್ಲ.”

“ಏನು?”

“ಗ್ಯಾಂಬಿಟ್ ಆಡೋರು ಕೊಟ್ಟ ಸಿಪಾಯಿ ಕಡೆ ತಿರುಗಿ ನೋಡಲ್ಲ. ಅದು ಹೋಯ್ತು ಅಂತಲೇ ಲೆಕ್ಕ. ಕುದುರೆ, ಒಂಟೆ ಎಲ್ಲಾ ಹೊರಗೆ ತಂದು ಮೇಲೆ ಬೀಳ್ತಾರೆ. ನಿಮ್ಮಪ್ಪ ನೋಡಿ, ಕೊಟ್ಟ ಮೇಲೆ ಒಂಟೇನ ಒಂದೇ ಮನೆ ಸರಿಸಿ ರಾಜನ ಮುಂದೆ ನಿಲ್ಲಿಸಿದಾರೆ. ಆಮೇಲಿನ ನಡೆಗಳೆಲ್ಲ ಆ ಸಿಪಾಯೀನ ವಾಪಸು ತಗೊಳ್ಳೋಕೆ. ಜಾತ್ರೇಲಿ ಚಪ್ಪಲಿ ಕಳ್ಕೊಂಡೋರ ಥರ ಅದನ್ನೇ ಹುಡುಕಿದಾರೆ.” ಅವಳು ಪಟ್ಟನೆ ನಾಲಗೆ ಕಚ್ಚಿಕೊಂಡಳು. “ತಪ್ಪು ತಿಳ್ಕೋಬೇಡಿ. ಇದು ಕೊಡೋ ಮನಸ್ಸಿನೋರ ಆಟ ಅಲ್ಲ ಅನ್ನಿಸ್ತು.”

ಮಗಳು ಬೋರ್ಡಿನ ಹತ್ತಿರ ಹೋದಳು. ಚಿಕ್ಕವಳಿದ್ದಾಗ ಅಪ್ಪನೇ ಅವಳಿಗೆ ಆಟ ಕಲಿಸಿದ್ದರು. ನಡೆಗಳನ್ನು ಓದುವಷ್ಟು ಇನ್ನೂ ನೆನಪಿತ್ತು. ಇಷ್ಟು ವರ್ಷ ಆ ಆಟದ ಕತೆ ಹೇಳಿದ್ದಳೇ ಹೊರತು, ಒಂದು ಸಲವೂ ಅದನ್ನು ಕೂತು ಆಡಿ ನೋಡಿರಲಿಲ್ಲ. ಈಗ ನೋಡಿದಳು. ಪ್ರತಿಯೊಂದು ನಡೆಯಲ್ಲೂ ಅಪ್ಪ ಇದ್ದರು: ಬೀಗ ಎಳೆದು ನೋಡಲು ವಾಪಸು ಬರುವ ಅಪ್ಪ. ಎರಡನೆಯ ನಡೆಯಲ್ಲಿ ಮಾತ್ರ ಇರಲಿಲ್ಲ.

“ಮಾಮ,” ಎಂದಳು ತಿರುಗದೆ. “ಇದನ್ನ ಅಪ್ಪ ಬೇಕೂಂತ ಆಡಿದ್ರಾ?”

ಗಡಿಯಾರ ಮಾಮ ಕೋಚ್ ಕಡೆ ಕಣ್ಣು ಹಾಯಿಸಿದರು. ಕೋಚ್ ಇಬ್ಬರನ್ನೂ ನೋಡಿ, ಹೊರಗೆ ಏನೋ ಕೆಲಸವಿದೆಯೆಂದು ಹೊರಟುಹೋದಳು.

“ಹೇಳಿ ಮಾಮ. ನಾನು ಹೊರಗೆ ಹೋಗಿ ಇದರ ಬಗ್ಗೇನೇ ಮಾತಾಡಬೇಕು.”

“ಅವತ್ತು ಅವನ ಕನ್ನಡಕ ಹೊಸದು,” ಎಂದರು ಮಾಮ. “ಎರಡು ಭಾಗದ್ದು, ದೂರಕ್ಕೆ ಮೇಲೆ, ಹತ್ತಿರಕ್ಕೆ ಕೆಳಗೆ ಅಂತ ಇರುತ್ತಲ್ಲ. ಅಭ್ಯಾಸ ಆಗಿರಲಿಲ್ಲ. ಬರೋವಾಗ ಮೆಟ್ಟಿಲೂ ಎಡವಿದ್ದ. ಅವನು ಎತ್ತಬೇಕಿದ್ದಿದ್ದು ಒಂಟೆ. ಕೈ ಒಂದು ಮನೆ ಮುಂದಕ್ಕೆ ಹೋಗಿ, ಒಂಟೆ ಮುಂದಿದ್ದ ಸಿಪಾಯೀನ ಹಿಡೀತು. ಮುಟ್ಟಿದ ಕಾಯಿ ನಡೆಸಲೇಬೇಕು, ಗೊತ್ತಲ್ಲ ನಿಂಗೆ.”

“ನೀವು ಆಕ್ಷೇಪ ಎತ್ತಿದ್ರಾ?”

“ನಾನೇ ಹೇಳ್ದೆ, ತೊಂದರೆ ಇಲ್ಲ, ಕೆಳಗಿಡಿ ಅಂತ. ನಿಮ್ಮಪ್ಪ ಕೇಳಬೇಕಲ್ಲ. ಮುಟ್ಟಿದೀನಿ ಅಂದ.”

ಮಗಳ ಮುಖ ಸ್ವಲ್ಪ ಸಡಿಲವಾಯಿತು. “ಹಾಗಾದ್ರೆ ಬೇರೆ ದಾರಿ ಇರಲಿಲ್ಲ.”

“ಇತ್ತು,” ಎಂದರು ಮಾಮ. ಕೋಲನ್ನು ಎತ್ತಿ ಬೋರ್ಡಿನ ಕಡೆ ತೋರಿಸಿದರು. “ಸಿಪಾಯೀನ ಒಂದೇ ಮನೆ ಇಡಬಹುದಿತ್ತು. ಯಾರಿಗೂ ಸಿಗ್ತಿರಲಿಲ್ಲ. ಮೊದಲು ಅಲ್ಲೇ ಇಟ್ಟ. ಬೆರಳು ಬಿಟ್ಟಿರಲಿಲ್ಲ. ಸುತ್ತ ಒಂದು ಸಲ ನೋಡಿದ. ನಾಲ್ಕೂ ಕಡೆ ಜನ. ಒಂದು ಮನೆ ಇಟ್ರೆ ನೋಡಿದೋರಿಗೆಲ್ಲ ಗೊತ್ತಾಗಿಬಿಡ್ತಿತ್ತು, ಕೈತಪ್ಪಿ ಹಿಡಿದ ಅಂತ. ಎರಡನೇ ನಡೆಗೆ ಅದು ಅಷ್ಟು ಪೆದ್ದಾಗಿ ಕಾಣುತ್ತೆ. ಎರಡು ಮನೆ ತಳ್ಳಿದ್ರೆ ಏನೋ ಲೆಕ್ಕ ಇದೆ ಅಂದ್ಕೋತಾರೆ.” ಅವರು ಕೋಲನ್ನು ಕೆಳಗಿಟ್ಟರು. “ನಾಚಿಕೆಗೆ ತಳ್ಳಿದ ಅವನು. ಕಿವಿ ನೋಡಬೇಕಿತ್ತು, ಕೆಂಡ. ನಾನು ಅದನ್ನ ರೋಷ ಅಂದ್ಕೊಂಡು ಹೆದರಿ ಏನೇನೋ ಆಡಿ ಸೋತೆ.”

ಹೊರಗೆ ಯಾರೋ ಕುರ್ಚಿ ಎಳೆದರು. ಮಗಳು ಬೋರ್ಡಿನ ಜೇಬೊಂದನ್ನು ಬೆರಳಿನಿಂದ ಸುಮ್ಮನೆ ಸವರುತ್ತಿದ್ದಳು.

“ಯಾರಿಗೂ ಯಾಕೆ ಹೇಳಲಿಲ್ಲ?”

“ಪತ್ರಿಕೆಗೆ ಬರೆದು ತಿಳಿಸ್ತೀನಿ ಅಂತಿದ್ದ. ಕಾಗದ ಪೆನ್ನು ತಗೊಂಡು ನನ್ನ ಮನೆಗೇ ಬಂದಿದ್ದ, ಸಾಕ್ಷಿಗೆ ನೀನಿರು ಅಂತ.” ಮಾಮ ಕಿಟಕಿಯ ಕಡೆ ತಿರುಗಿದರು. “ಆಮೇಲೆ ಬೇಡ ಅಂದ.”

“ಯಾಕೆ?”

“ಬಿಡು ಮರಿ.”

“ಯಾಕೆ ಮಾಮ?”

“‘ಮಗು ಇಡೀ ಬೀದಿಗೆ ಹೇಳಿ ಬಂದಿದೆ ಕಣೋ’ ಅಂದ.”

ಮಗಳು ಗಾಜಿನೊಳಗಿನ ಅಪ್ಪನ ಕಡೆ ನೋಡಲು ಹೋಗಿ, ಆಗದೆ, ನೆಲ ನೋಡಿದಳು. ವಾರ್ಡಿನ ಆರು ಮಂಚಗಳು ಕಣ್ಣಿಗೆ ಕಟ್ಟಿದವು. ಮೊಣಕೈ ಊರಿ ಎದ್ದ ಮುದುಕ, ಊಟದ ಡಬ್ಬಿ ಹಿಡಿದ ಹೆಂಗಸು. ಅಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿದ್ದು.

“ಆಸ್ಪತ್ರೇಲಿ ನಾನೇ…” ಎಂದು ಶುರುಮಾಡಿದಳು. ಮಾಮ ಅವಳತ್ತ ಕೈ ಚಾಚಿದರು. ಅಷ್ಟರಲ್ಲಿ ಸೆಕ್ರೆಟರಿ ಬಾಗಿಲಲ್ಲಿ ತಲೆ ತೂರಿಸಿ, “ಬಾರಮ್ಮ, ನನ್ನದು ಮುಗೀತು, ಎಲ್ಲ ನಿನಗೇ ಕಾಯ್ತಿದಾರೆ,” ಎಂದರು.

*

ಅಂಗಳದಲ್ಲಿ ಗಲಾಟೆಯಿರಲಿಲ್ಲ. ಕ್ಲಬ್ಬಿನ ಮಕ್ಕಳು ಮುಂದಿನ ಸಾಲಿನಲ್ಲಿ ನೆಲದ ಮೇಲೆ ಕುಳಿತಿದ್ದರು. ಗಡಿಯಾರ ಮಾಮ ಕೋಲೂರಿಕೊಂಡು ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತರು.

“ನಮ್ಮಪ್ಪ…” ಎಂದಳು ಮಗಳು. ಅತ್ತೆ ನೀರಿನ ಲೋಟ ಚಾಚಿದರು. ಅವಳು ತಲೆಯಾಡಿಸಿ ಬೇಡವೆಂದಳು.

“ಸೆಕ್ರೆಟರಿಯವರು ಹೇಳಿದ್ದು ನಿಜ ಅಲ್ಲ. ನಾನು ಇಷ್ಟು ವರ್ಷ ಹೇಳಿದ್ದೂ ನಿಜ ಅಲ್ಲ. ಅದು ಗ್ಯಾಂಬಿಟ್ ಅಲ್ಲ. ಅಪ್ಪ ಕೈತಪ್ಪಿ ಬೇರೆ ಕಾಯಿ ಮುಟ್ಟಿಬಿಟ್ರು. ಮುಟ್ಟಿದ್ದಕ್ಕೆ ನಡೆಸಿದ್ರು. ಧೈರ್ಯಕ್ಕಲ್ಲ.”

ಹಿಂದಿನ ಸಾಲಿನಲ್ಲಿ ಯಾರೋ ಪ್ರೀತಿಯಿಂದ ನಕ್ಕರು.

“ನೋಡಿದ್ರಾ!” ಎಂದರು ಸೆಕ್ರೆಟರಿ ಜನರ ಕಡೆ ತಿರುಗಿ. ಅವರ ಕಣ್ಣು ಒದ್ದೆಯಾಗಿತ್ತು. “ಅಣ್ಣನೂ ಹೀಗೇ. ಹೊಗಳಿದ್ರೆ, ಏನೋ ಕೈತಪ್ಪಿ ಆಯ್ತು ಅನ್ನೋರು. ಅದೇ ವಿನಯ, ಅದೇ ಮಾತು. ರಕ್ತದಲ್ಲೇ ಬಂದಿದೆ.”

“ವಿನಯ ಅಲ್ಲ,” ಎಂದಳು ಮಗಳು. “ನಾಲ್ಕು ಜನದ ಮುಂದೆ ನಾಚಿಕೆ ಆಗುತ್ತೆ ಅಂತ ತಳ್ಳಿದ್ದು. ಆಸ್ಪತ್ರೇಲೂ ಹಾಗೇ. ಅವರಿಗೆ ಆಪರೇಷನ್ ಬೇಡವಾಗಿತ್ತು. ಎಲ್ಲರೆದುರಿಗೆ ಪುಕ್ಕಲು ಅಂದೆ ನಾನು. ಅದಕ್ಕೇ ಸಹಿ ಹಾಕಿದ್ರು.”

ಈಗ ಯಾರಾದರೂ ಎದ್ದು ತನ್ನನ್ನು ಬೈಯಲಿ ಎಂದು ಅವಳು ಕಾದಳು. ಅತ್ತೆಯಾದರೂ ಬೈಯಬಹುದಿತ್ತು.

ವರ್ಕ್‌ಶಾಪಿನ ಹಳಬರೊಬ್ಬರು ಎದ್ದು ನಿಂತರು. “ಹಾಗೆಲ್ಲ ಅನ್ನಬೇಡ ತಾಯಿ,” ಎಂದರು. “ದುಃಖದಲ್ಲಿ ಹೀಗೇ ಅನ್ನಿಸುತ್ತೆ. ನಮ್ಮಪ್ಪ ಹೋದಾಗ ನಂಗೂ ಅನ್ನಿಸಿತ್ತು. ಬದುಕಲಿ ಅಂತ ತಾನೆ ನೀನು ಹೇಳಿದ್ದು? ಅವರಿಗೆ ಎದೆ ಇತ್ತು, ಅದಕ್ಕೇ ಒಪ್ಪಿದ್ರು. ನಿನ್ನ ಮಾತಿಗೆ ಯಾರಾದ್ರೂ ಎದೆ ಕುಯ್ಯಿಸ್ಕೋತಾರಾ?”

“ಅಯ್ಯೋ ಪಾಪ,” ಎಂದಳೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, “ಎಂಥ ಮಗಳು!”

ಅತ್ತೆ ಬಾಯಿ ತೆರೆದರು. ಆದರೆ ಅವರ ಮುಖ ಹಿಂಡಿದ ಬಟ್ಟೆಯಂತಾಯಿತು. ಮುಖ ಬೇರೆಡೆಗೆ ತಿರುಗಿಸಿದರು.

ಬೀದಿಯ ತಿರುವಿನಲ್ಲಿ ಶವವಾಹನ ಹಿಮ್ಮುಖವಾಗಿ ಬರುತ್ತಿದ್ದ ಸದ್ದು ಕೇಳಿಸಿತು. ಸೆಕ್ರೆಟರಿ ಕೈಗಡಿಯಾರ ನೋಡಿಕೊಂಡು, ಎಲ್ಲರೂ ಎದ್ದು ನಿಲ್ಲುವಂತೆ ಸನ್ನೆ ಮಾಡಿದರು. “ಗ್ಯಾಂಬಿಟ್ ಅಣ್ಣನಿಗೆ ಮೌನ ಬೇಡ,” ಎಂದರು. “ಗೆದ್ದವರನ್ನ ಕಳಿಸೋ ಹಾಗೆ ಕಳಿಸೋಣ.” ಮೊದಲ ಚಪ್ಪಾಳೆಯನ್ನು ಅವರೇ ತಟ್ಟಿದರು. ಮಕ್ಕಳು ಕೂಡಿಕೊಂಡರು, ಆಮೇಲೆ ಕ್ಲಬ್ಬಿನವರು, ಆಮೇಲೆ ವರ್ಕ್‌ಶಾಪಿನವರು. ಬಾಗಿಲ ಚೌಕಟ್ಟಿನಲ್ಲಿ ಗಡಿಯಾರ ಮಾಮ ಮಾತ್ರ ಎರಡೂ ಕೈಗಳಿಂದ ಕೋಲನ್ನು ಬಿಗಿಯಾಗಿ ಹಿಡಿದು ನಿಂತಿದ್ದರು.

ಮಗಳು ಒಂದೆರಡು ಸಲ ಏನೋ ಹೇಳಲು ಹೋದಳು. ಆ ಸದ್ದಿನಲ್ಲಿ ಅವಳಿಗೇ ತನ್ನ ದನಿ ಕೇಳಿಸಲಿಲ್ಲ. ಕಿವಿಗಳು ಸುಡುತ್ತಿದ್ದವು. ಇನ್ನು ಒಂದು ಮುಖವನ್ನೂ ನೋಡಲಾಗದೆ ಅವಳು ತಲೆ ತಗ್ಗಿಸಿದಳು. ಅವಳು ತಮಗೆ ವಂದಿಸುತ್ತಿದ್ದಾಳೆಂದುಕೊಂಡು ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು.